ಕೆಂಪು ದೀಪವನ್ನು ಆರಿಸಿದ ಅಂಕಿ

ಹಳೆಯ ಜಪಾನೀ ವ್ಯಾನುಗಳ ಎಂಜಿನ್ ಕಂಪ್ಯೂಟರಿನಲ್ಲಿ ಒಂದು ಅಂಕಿಯಿತ್ತು. ಅದರ ಅರ್ಥ ಪ್ಲೋವ್ದಿವ್ ಊರಿನ ಯಾವ ಗ್ಯಾರೇಜಿನವನಿಗೂ ತಿಳಿದಿರಲಿಲ್ಲ. ಅದನ್ನು ಕೊನೆಯ ಮಿತಿಗೆ ಏರಿಸಿದರೆ ಗುಡ್ಡದ ಏರಿನಲ್ಲೂ ಎಂಜಿನ್ ಸೋಲುತ್ತಿರಲಿಲ್ಲ. ಅಂಕಿ ಬದಲಿಸುವುದು, ಓಡಿಸಿ ನೋಡುವುದು, ಗಾಡಿ ಜಿಗಿದರೆ ಹಾಗೆಯೇ ಬಿಡುವುದು: ಆ ಕಸುಬಿನವರ ಪದ್ಧತಿಯೇ ಹಾಗೆ. ಅಲ್ಲಿನ ಮೆಕ್ಯಾನಿಕ್ ಆಸ್ಪರೂಹ್ ಕೂಡ ಗಿರಾಕಿಗಳಿಗೆ, "ಇದು ಜಪಾನಿನವರು ಹಾಕಿದ ಕಡಿವಾಣ, ತೆಗೆದುಬಿಟ್ಟೆ" ಎನ್ನುತ್ತಿದ್ದ.

ಈ ಚಳಿಗಾಲದಲ್ಲಿ ಅವನು ಕೆಟ್ಟುಹೋದ ಒಂದು ಕಂಪ್ಯೂಟರಿನ ಮುಖ್ಯ ಚಿಪ್ಪನ್ನು ಕಿತ್ತು, ಅದರ ಕಪ್ಪು ಕವಚವನ್ನು ಆಸಿಡ್ಡಿನಲ್ಲಿ ಕರಗಿಸಿದ. ಒಳಗೆ ಉಳಿದ ಉಗುರಿನಷ್ಟು ಚಿಕ್ಕ ಬಿಲ್ಲೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟು, ತಯಾರಕರು ಬಚ್ಚಿಟ್ಟಿದ್ದ ಆಜ್ಞೆಗಳನ್ನು ಚುಕ್ಕೆ ಚುಕ್ಕೆಯಾಗಿ ಓದಿ ಬಿಡಿಸಿದ. ಆಗ ಅಂಕಿಯ ಅರ್ಥ ತಿಳಿಯಿತು. ಎಂಜಿನ್ನಿನ ನೀರು ಆ ಅಂಕಿಗಿಂತ ಹೆಚ್ಚು ಕಾದರೆ ಕಂಪ್ಯೂಟರು ಎಂಜಿನ್ನಿನ ಶಕ್ತಿ ತಗ್ಗಿಸಿ, ಚಾಲಕನ ಮುಂದೆ ಕೆಂಪು ದೀಪ ಹಚ್ಚುತ್ತಿತ್ತು. ಅವನು ಕಿತ್ತದ್ದು ಕಡಿವಾಣವನ್ನಲ್ಲ, ಕಾವಲನ್ನು.

ಕಳೆದ ಬೇಸಿಗೆಯಲ್ಲಿ, ಅವನೇ ಅಂಕಿ ಏರಿಸಿಕೊಟ್ಟಿದ್ದ ಗೆಳೆಯ ಟ್ರಿಫೋನನ ವ್ಯಾನಿನ ಎಂಜಿನ್ ಸ್ಮೋಲ್ಯಾನಿನ ಗುಡ್ಡದ ಏರಿನಲ್ಲಿ ಸುಟ್ಟುಹೋಗಿತ್ತು. ಓಡಿಸುತ್ತಿದ್ದವಳು ಅವನ ಮಗಳು ರಾದೋಸ್ತಿನಾ. ದ್ರಾಕ್ಷಿ ಸಸಿಗಳನ್ನು ಊರೂರಿಗೆ ಮುಟ್ಟಿಸುವ ಕೆಲಸ ಅವಳದು. "ದೀಪ ಹತ್ತಲೇ ಇಲ್ಲ" ಎಂದು ಅವಳು ಅತ್ತಿದ್ದಳು. ನೆಂಟರೆಲ್ಲರ ಎದುರು ಆಸ್ಪರೂಹ್ ನಕ್ಕು, "ಹತ್ತಿರತ್ತೆ. ಹುಡುಗಿ ಫೋನ್ ನೋಡ್ತಿದ್ಲು, ಅಷ್ಟೇ" ಎಂದಿದ್ದ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿರುವವನ ಧ್ವನಿಯಲ್ಲಿ ಹೇಳುವುದು ಸುಳ್ಳಿಗಿಂತ ಚಿಕ್ಕ ತಪ್ಪೇನಲ್ಲ. ಆ ಒಂದು ಮಾತಿಗೆ ಟ್ರಿಫೋನ್ ಕೆಲಸವನ್ನು ಮಗಳಿಂದ ಕಿತ್ತು ಅಣ್ಣನ ಮಗ ವೆಲಿನ್‌ಗೆ ಕೊಟ್ಟ.

ಫೆಬ್ರವರಿಯ ಮೊದಲ ದಿನ ದ್ರಾಕ್ಷಿ ಬೆಳೆಗಾರರ ಸಂತ ಟ್ರಿಫೋನನ ಹಬ್ಬ, ಅದೇ ಹೆಸರಿನ ಗೆಳೆಯನಿಗೂ ಅಂದೇ ಸಂಭ್ರಮ. ಅವನು ಪದ್ಧತಿಯಂತೆ ತೋಟದಲ್ಲಿ ದ್ರಾಕ್ಷಿ ಬಳ್ಳಿ ಸವರಿ, ಕಡಿದ ಜಾಗಕ್ಕೆ ವೈನ್ ಎರೆಯುತ್ತಿದ್ದವನು ಆಸ್ಪರೂಹ್ ಬಂದದ್ದನ್ನು ಕಂಡು ತಲೆಯೆತ್ತಿದ.

"ಹಬ್ಬದ ದಿನ ಹಿಂಗೆ ಮುಖ ಜೋಲು ಹಾಕ್ಕೊಂಡು ಬರ್ತಾರೇನೋ? ಯಾರು ಸತ್ರು?"

"ನಿನ್ನ ಎಂಜಿನ್, ಟ್ರಿಫೋನಣ್ಣ. ಸಾಯಿಸಿದ್ದು ನಾನು, ರಾದೋಸ್ತಿನಾ ಅಲ್ಲ."

ಎಲ್ಲವನ್ನೂ ಕೇಳಿ ಟ್ರಿಫೋನ್ ಕತ್ತರಿ ಒರೆಸಿದ. "ಹೋಗಿದ್ದು ಹೋಯ್ತು ಬಿಡೋ. ಅವಳಿಗೆ ಮಾತ್ರ ಹೇಳ್ಬೇಡ. ಆಮೇಲೆ ನನ್ನ ತಲೆ ಮೇಲೆ ಕೂತ್ಕೋತಾಳೆ."

ಒಂದು ಕ್ಷಣ ಆಸ್ಪರೂಹನ ಎದೆ ಹಗುರಾಯಿತು. ಹಾಗೆ ಹಗುರಾದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ನೇರವಾಗಿ ಅಡುಗೆಮನೆಗೆ ನಡೆದ. ರಾದೋಸ್ತಿನಾ ಎಲೆಕೋಸಿನ ಎಲೆಯಲ್ಲಿ ಅನ್ನ, ಮಾಂಸ ಸುತ್ತುತ್ತಿದ್ದಳು.

"ವೈನ್ ಹೊರಗಿದೆ ಚಿಕ್ಕಪ್ಪ. ಇಲ್ಲಿ ಬರೀ ಕೋಸು."

ಅವನು ಹೇಳುವಷ್ಟೂ ಹೊತ್ತು ಅವಳ ಕೈ ನಿಲ್ಲಲಿಲ್ಲ.

"ನನ್ನ ಕಿವೀಲಿ ಯಾಕೆ ಹೇಳ್ತೀರಿ? ದೀಪ ಹತ್ಲಿಲ್ಲ ಅಂತ ನಂಗೆ ಅವತ್ತೇ ಗೊತ್ತಿತ್ತು. ಗೊತ್ತಿಲ್ದಿರೋ ನೆಂಟರು ಪಕ್ಕದ ಕೋಣೇಲಿ ಕೂತಿದ್ದಾರೆ."

ಟ್ರಿಫೋನ್, ವೆಲಿನ್, ನೆಂಟರೆಲ್ಲ ಊಟಕ್ಕೆ ಕೂತಾಗ ಆಸ್ಪರೂಹ್ ಮೇಜಿನ ಬಳಿ ನಿಂತು ಹೇಳಿದ. ಪದಗಳನ್ನು ಮೃದು ಮಾಡಬೇಕೆಂದು ನಾಲಿಗೆ ಹಂಬಲಿಸಿತು, ಅವನು ಬಿಡಲಿಲ್ಲ. ಅರ್ಥ ತಿಳಿಯದೆ ಅಂಕಿ ಬದಲಿಸಿದೆ ಎಂದ. ನಿಜ ಹೇಳಿದವಳನ್ನು ನಿಮ್ಮೆದುರು ಸುಳ್ಳಿ ಮಾಡಿದೆ ಎಂದ.

ಮೊದಲು ಬಾಯಿ ಬಿಟ್ಟವನು ವೆಲಿನ್. "ಹೊಸ ಎಂಜಿನ್ ಹಾಕಿದ್ರಲ್ಲ, ಅದಕ್ಕೂ ಅದೇ ಕಂಪ್ಯೂಟರಾ?"

"ಅದೇ."

"ದಿನಾ ಗುಡ್ಡ ಹತ್ತಿಸ್ತಿದೀನಲ್ಲೋ ಮಹಾನುಭಾವ! ನೀನು ಮೆಕ್ಯಾನಿಕ್ಕೋ, ಹೆಣ ಹೊರೋನೋ?"

ಟ್ರಿಫೋನ್ ತಟ್ಟೆಯಿಂದ ಕಣ್ಣೆತ್ತದೆ ಹೇಳಿದ: "ನೀನು ಅವತ್ತು ಗಟ್ಟಿಯಾಗಿ ಹೇಳ್ಬೇಕಿತ್ತು ಮಗಳೇ."

"ಹೇಳ್ದೆ ಅಪ್ಪ. ನೀನು ನಿಜವಾ ಅಂತ ಚಿಕ್ಕಪ್ಪನ ಮುಖ ನೋಡ್ದೆ."

ಟ್ರಿಫೋನ್ ವೆಲಿನ್ ಮುಂದೆ ಕೈ ಚಾಚಿ ವ್ಯಾನಿನ ಕೀಲಿ ತೆಗೆದುಕೊಂಡು, ಮಗಳ ತಟ್ಟೆಯ ಪಕ್ಕದಲ್ಲಿಟ್ಟ. ಅವಳು ಅದನ್ನು ಆಸ್ಪರೂಹನ ಕಡೆಗೆ ಸರಿಸಿದಳು.

"ಮೊದ್ಲು ದೀಪ ಹತ್ತೋ ಹಂಗೆ ಮಾಡ್ಲಿ."

ಅವನು ಅಂಗಳಕ್ಕೆ ಹೋಗಿ, ಹಿಮ ಕೂತಿದ್ದ ವ್ಯಾನಿನ ಬಾಗಿಲು ತೆರೆದು, ಸೀಟಿನಡಿಯ ಕಂಪ್ಯೂಟರ್ ಪೆಟ್ಟಿಗೆಯ ತಿರುಪು ಬಿಚ್ಚತೊಡಗಿದ. ಬೆರಳುಗಳು ಮರಗಟ್ಟಿದ್ದವು. ಒಳಗೆ ಊಟ ಶುರುವಾದ ಸದ್ದು ಕೇಳಿಸಿತು. ಬಾ ಎಂದು ಯಾರೂ ಕರೆಯಲಿಲ್ಲ. ಕರೆದಿದ್ದರೂ ಹೋಗುವ ಮುಖ ಅವನಿಗಿರಲಿಲ್ಲ.