ಕರ್ಪೂರ ಆರಿಸಲು ಬಲಗೈ ಬೇಕು

ಕೊಯಮತ್ತೂರಿನ ಹತ್ತಿರ, ಕನ್ನಡ ಮನೆಮಾತಿನ ನೇಕಾರರಿರುವ ಸಿರುಮುಗೈಯಲ್ಲಿ ಕೈಮಗ್ಗಕ್ಕೆ ಕೆಲಸ ಸಿಗದ ತಿಂಗಳುಗಳಲ್ಲಿ ಗಂಡಸರು ಪಲ್ಲಡಂ ಕಡೆಗೆ ಬಸ್ ಹತ್ತುತ್ತಾರೆ. ಅಲ್ಲಿ ಕರೆಂಟಿನ ಮಗ್ಗಗಳಿವೆ. ಆ ಮಗ್ಗಗಳಿಗೆ ನೂಲು ಸಿದ್ಧಮಾಡುವ ಸೈಜಿಂಗ್ ಶೆಡ್ಡುಗಳಿವೆ. ಸೈಜಿಂಗ್ ಎಂದರೆ ನೂಲಿಗೆ ಗಂಜಿ ಹಾಕುವುದು. ನಮ್ಮವರು ಬೀದಿಯುದ್ದ ನೂಲು ಚಾಚಿ ಕೈಯಿಂದ ಬಳಿಯುತ್ತಿದ್ದ ಅದೇ ಗಂಜಿ. ಶೆಡ್ಡಿನಲ್ಲಿ ಮಾತ್ರ ಸಾವಿರಾರು ಎಳೆಗಳು ಒಟ್ಟಿಗೆ ಎರಡು ಉರುಳೆಗಳ ನಡುವೆ ನುಗ್ಗಿ ಹೋಗುತ್ತವೆ.

ಎಂಬತ್ತೈದರ ಆಡಿ ತಿಂಗಳಲ್ಲಿ, ಜುಲೈ ಹೊತ್ತಿಗೆ, ಗೋವಿಂದಸಾಮಿಯೂ ಬಸ್ ಹತ್ತಿದ. ಅವನು ಸೇರಿದ ಶೆಡ್ಡು ದೊಡ್ಡಪ್ಪ ಚೆನ್ನಕೇಶವನ್ ಅವರದ್ದು. ಒಡಹುಟ್ಟಿದವರ ಸಂಬಂಧವಲ್ಲ, ಒಂದೇ ಕುಲದವರು. ಹತ್ತು ಆಳೂ ಇಲ್ಲದ ಚಿಕ್ಕ ಶೆಡ್ಡು. ಯಂತ್ರ ನಿಲ್ಲಿಸುವ ಹಿಡಿ ಎಲ್ಲಿದೆ, ಯಾವಾಗ ಎಳೆಯಬೇಕು ಎಂದು ಯಾರೂ ಕಲಿಸಲಿಲ್ಲ. "ನೇಕಾರನ ಮಗನಿಗೆ ನೂಲಿನ ಪಾಠವಾ?" ಎಂದು ದೊಡ್ಡಪ್ಪ ನಕ್ಕಿದ್ದರು.

ಎರಡನೇ ವಾರ ಒಂದು ಎಳೆ ಕಡಿದು ಉರುಳೆಗೆ ಸುತ್ತಿಕೊಂಡಿತು. ಗೋವಿಂದಸಾಮಿ ಅದನ್ನು ಹಿಡಿಯಲು ಬಲಗೈ ಚಾಚಿದ. ಉರುಳೆಗಳು ಅಂಗೈಯನ್ನು ಒಳಗೆಳೆದುಕೊಂಡವು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಮಣಿಕಟ್ಟಿನಿಂದ ತೆಗೆದುಬಿಟ್ಟರು.

ಎಚ್ಚರವಾದಾಗ ಹೆಂಡತಿ ಚಿನ್ನತಾಯಿ ಪಕ್ಕದಲ್ಲಿದ್ದಳು. ಅವನು ಒಂದೇ ಮಾತು ಹೇಳುತ್ತಿದ್ದ.

"ನಾನು ನಿಲ್ಲಿಸಿದೆ ಚಿನ್ನತಾಯಿ. ನಾನು ನಿಲ್ಲಿಸಿದೆನಲ್ಲ."

ಅದೇನೆಂದು ಆಗ ಯಾರಿಗೂ ತಿಳಿಯಲಿಲ್ಲ. ಜ್ವರ ಎಂದುಕೊಂಡರು.

ಚೆನ್ನಕೇಶವನ್ ಆಸ್ಪತ್ರೆಯ ಖರ್ಚು ಕೊಟ್ಟರು. ಅದನ್ನು ಮರೆಯಬಾರದು. ಗಾಯ ಒಣಗಿದ ಮೇಲೆ ಒಂದು ಮಂಗಳವಾರ ಕುಲದ ಹಿರಿಯರನ್ನು ಕರೆದುಕೊಂಡು ಚೌಡಮ್ಮನ ಗುಡಿಗೆ ಬಂದರು. ಸ್ವಲ್ಪ ದುಡ್ಡು ಕೊಡುವುದು, ಶೆಡ್ಡಿನಲ್ಲಿ ಕಾವಲು ಕೆಲಸ ಕೊಡುವುದು, ಅಲ್ಲಿಗೆ ಮುಗಿಯಿತು, ಮುಂದೆ ಯಾರೂ ಏನೂ ಕೇಳಬಾರದು. ಇದು ಅವರ ಮಾತು. ಮಾತು ಗಟ್ಟಿಯಾಗಲು ಆಣೆ ಬೇಕು. ನಮ್ಮ ಕಡೆ ಆಣೆ ಮಾಡುವ ರೀತಿ ನಿಮಗೆ ಗೊತ್ತು. ಅಮ್ಮನ ಮುಂದೆ ತಟ್ಟೆಯಲ್ಲಿ ಕರ್ಪೂರ ಹಚ್ಚುತ್ತಾರೆ. ಆಣೆ ಮಾಡುವವನು ಅದನ್ನು ಬಲ ಅಂಗೈಯಿಂದ ಬಡಿದು ಆರಿಸುತ್ತಾನೆ. ಆಮೇಲೆ ಆ ವ್ಯವಹಾರವನ್ನು ಯಾರೂ ಬಾಯಿಗೆ ತರುವುದಿಲ್ಲ.

"ಗೋವಿಂದಸಾಮಿ, ಮುಂದೆ ಬಾ. ಆರಿಸು" ಎಂದರು ಪೂಜಾರಿ.

ಅವನು ಬಂದ. ಬಲತೋಳು ಎತ್ತಿದ. ಎತ್ತಿ ಹಾಗೇ ನಿಂತ. ಬಟ್ಟೆ ಸುತ್ತಿದ ಮೊಂಡು ತುದಿ ಉರಿಯ ಮೇಲೆ ನಿಂತಿತು.

ಇಷ್ಟು ಜನ ಹಿರಿಯರು, ಇಷ್ಟು ಮಾತು, ಈ ಒಂದು ಸಂಗತಿ ಯಾರಿಗೂ ಹೊಳೆದಿರಲಿಲ್ಲ.

"ಎಡಗೈಲಿ ಆರಿಸಲಿ ಬಿಡಿ" ಎಂದರು ಒಬ್ಬರು.

ಗೋವಿಂದಸಾಮಿಯ ತಾಯಿ ರಾಮಾತಾಳ್ ಸಿಡಿದಳು. "ಎಡಗೈಲಾ? ಅಮ್ಮನ ಮುಂದೆ? ನಿಮ್ಮ ಮನೇಲಿ ಹಾಗೆ ನಡೆಯುತ್ತಾ?"

"ಹಾಗಾದ್ರೆ ಅವನ ಬದಲು ಹೆಂಡ್ತಿ ಆರಿಸಲಿ" ಎಂದರು ಚೆನ್ನಕೇಶವನ್.

ಚಿನ್ನತಾಯಿ ಕಂಬದ ಹಿಂದಿನಿಂದ ಈಚೆ ಬಂದಳು. "ಹೋದದ್ದು ನನ್ನ ಕೈ ಅಲ್ಲ, ದೊಡ್ಡಪ್ಪ. ಆ ಕೈ ನಿಮ್ಮ ಶೆಡ್ಡಲ್ಲೇ ಬಿಟ್ಟು ಬಂದಿದ್ದೀವಿ. ತಂದುಕೊಡಿ, ಆರಿಸ್ತಾರೆ."

ಕರ್ಪೂರ ತಾನೇ ಉರಿದು ಮುಗಿಯಿತು. ಆಣೆ ಆಗಲಿಲ್ಲ.

ಮನೆಗೆ ಬಂದು ರಾಮಾತಾಳ್ ಸೊಸೆಯನ್ನು ಬೈದಳು. "ಕುಲದವರ ಮುಂದೆ ಮಾನ ತೆಗೆದೆ. ಇನ್ನೇನು ಮಾಡ್ತೀಯೆ? ಕೋರ್ಟಿಗೆ ಹೋಗ್ತೀಯಾ? ಕೋರ್ಟಿಗೆ ಹೋದೋರ ಮೊಮ್ಮಕ್ಕಳು ಇನ್ನೂ ಅಲೀತಿದ್ದಾರೆ."

"ಎಡಗೈ ಬೇಡ ಅಂದದ್ದು ನೀವೇ ಅತ್ತೆ."

"ಅದು ಬೇರೆ ಮಾತು!"

ಚಿನ್ನತಾಯಿ ನೇಯ್ದ ಸೀರೆಗಳನ್ನು ಕೊಯಮತ್ತೂರಿನ ಆರ್.ಎಸ್. ಪುರಂನ ಕೆಲವು ಮನೆಗಳಿಗೆ ಕೊಡುತ್ತಿದ್ದಳು. ಅದರಲ್ಲಿ ಒಂದು ಮನೆಯ ಮಗಳು ವನಮಾಲಾ ವಕೀಲೆ. ಮನೆಮಾತು ಕನ್ನಡ. ಚಿನ್ನತಾಯಿ ಅಲ್ಲಿಗೆ ಹೊರಟಾಗ ಅತ್ತೆಯೂ ಬೈಯುತ್ತಲೇ ಜೊತೆಗೆ ಬಂದಳು. ರಾಮಾತಾಳ್ ವಕೀಲೆಯನ್ನು ಮೇಲಿಂದ ಕೆಳಗೆ ನೋಡಿದಳು.

"ಸೀರೆ ನೆರಿಗೆ ಹೀಗಾ ಹಾಕೋದು, ನನ್ನ ಕಣ್ಣೇ? ರೇಷ್ಮೆ ಅಳುತ್ತೆ. ನೀನು ಕೇಸು ನಡೆಸ್ತೀಯಾ?"

"ನೆರಿಗೆ ನೀವು ಕಲಿಸಿ, ಕೇಸು ನಾನು ನೋಡ್ಕೊತೀನಿ" ಎಂದಳು ವನಮಾಲಾ.

"ಎಷ್ಟು ದಿನ ಆಗುತ್ತೆ? ಅದನ್ನ ಮೊದಲು ಹೇಳು."

"ಗೊತ್ತಿಲ್ಲ ಅಮ್ಮ."

"ಓದಿದ್ದೀಯಾ, ಇಲ್ವಾ?"

"ಓದಿದ್ದಕ್ಕೇ ಗೊತ್ತಿಲ್ಲ ಅಂತೀನಿ. ಮೂರೇ ತಿಂಗಳಲ್ಲಿ ದುಡ್ಡು ಅನ್ನೋ ವಕೀಲ ಸಿಕ್ಕರೆ ಅವನ ಮೆಟ್ಟಿಲು ಇಳಿದುಬಿಡಿ. ಶೆಡ್ಡಿನ ಮೊದಲಾಳಿ ಒಪ್ಪಿಕೊಂಡ್ರೆ ವರ್ಷದೊಳಗೆ ಆಗಬಹುದು. ಜಗಳಕ್ಕೆ ನಿಂತ್ರೆ ಎರಡು, ಮೂರು ವರ್ಷ. ಮದ್ರಾಸ್ ಹೈಕೋರ್ಟಿಗೆ ಹೋದ್ರೆ ಇನ್ನೂ ಹೆಚ್ಚು."

ರಾಮಾತಾಳ್ ಸೊಸೆಯ ಕಡೆ ತಿರುಗಿದಳು. "ಕೇಳಿದೆಯಾ? ನಡಿ ಮನೆಗೆ."

"ಕೂತ್ಕೊಳ್ಳಿ ಅಮ್ಮ. ಇದು ಆಸ್ತಿ ವ್ಯಾಜ್ಯದ ಕೋರ್ಟಲ್ಲ. ಕೆಲಸದಲ್ಲಿ ಪೆಟ್ಟಾದವರಿಗೆ ಅಂತಲೇ ಕಾರ್ಮಿಕರ ಪರಿಹಾರ ಕಾನೂನು ಇದೆ. ಅದಕ್ಕೆ ಕೊಯಮತ್ತೂರಲ್ಲೇ ಆಫೀಸರು ಇದ್ದಾರೆ. ಅವರು ಮೊದಲಾಳಿಗೆ ನೋಟಿಸ್ ಕಳಿಸಬೇಕು, ಡಾಕ್ಟರ ಮಾತು ಕೇಳಬೇಕು, ಸಾಕ್ಷಿ ಕೇಳಬೇಕು. ತಿರುಪ್ಪೂರು, ಸೋಮನೂರು, ಪಲ್ಲಡಂ, ಎಲ್ಲಾ ಕಡೆ ಹೋದ ಬೆರಳು, ಹೋದ ಕೈ, ಅದೇ ಒಂದು ಮೇಜಿನ ಮುಂದೆ ಸಾಲು ನಿಂತಿವೆ. ನಿಮ್ಮ ಸರದಿ ಬರಬೇಕು."

ರಾಮಾತಾಳ್ ಮತ್ತೆ ಕೂತಳು. ಅಷ್ಟೊಂದು ಕೈಗಳು ಸಾಲಾಗಿ ನಿಂತದ್ದನ್ನು ಅವಳು ನೋಡುತ್ತಿದ್ದಂತಿತ್ತು.

"ಕೈಗೆ ಬೆಲೆ ಯಾರು ಕಟ್ತಾರೆ?" ಚಿನ್ನತಾಯಿ ಕೇಳಿದಳು.

"ಬಹಳ ಹಿಂದೆಯೇ ಅಳೆದಿಟ್ಟಿದ್ದಾರೆ. ಹೆಬ್ಬೆರಳಿಗೆ ಒಂದು ಅಳತೆ, ಮೊಣಕೈಗೆ ಒಂದು, ಭುಜಕ್ಕೆ ಒಂದು. ಮಣಿಕಟ್ಟಿನಿಂದ ಕೈ ಹೋದ್ರೆ ಮನುಷ್ಯನ ದುಡಿಮೆಯ ಶಕ್ತಿ ನೂರಕ್ಕೆ ಅರವತ್ತು ಹೋಯ್ತು ಅಂತ ಕಾನೂನೇ ಹೇಳುತ್ತೆ. ಅವನ ಸಂಬಳ, ಅವನ ವಯಸ್ಸು ಸೇರಿಸಿ ಲೆಕ್ಕ ಹಾಕ್ತಾರೆ."

"ನಮ್ಮ ಗೋವಿಂದನ ಕೈಯನ್ನಾ?"

"ಎಲ್ಲರ ಕೈಯನ್ನೂ."

ರಾಮಾತಾಳ್ ತನ್ನ ಬಲಗೈ ಮಡಿಲಲ್ಲಿಟ್ಟು ನೋಡಿಕೊಂಡಳು. ಅರವತ್ತು ವರ್ಷ ನೂಲು ಹಿಡಿದ ಕೈ. ಎಲ್ಲೋ ಯಾರೋ ಅದನ್ನು ಮೊದಲೇ ಅಳೆದಿದ್ದಾರೆ ಎಂಬುದು ಅವಳಿಗೆ ನಂಬಲಾಗಲಿಲ್ಲ.

"ಗುಡಿಯಲ್ಲಿ ಆಣೆ ಆಗಿದ್ದಿದ್ರೆ?" ಎಂದಳು ಮೆಲ್ಲಗೆ.

"ಆಗಿದ್ರೂ ಹಕ್ಕು ಹೋಗ್ತಿರಲಿಲ್ಲ. ಆ ಆಫೀಸರ ಮುಂದೆ ದಾಖಲಾಗದ ರಾಜಿಯಿಂದ ಮೊದಲಾಳಿ ತಪ್ಪಿಸಿಕೊಳ್ಳೋಕೆ ಆಗಲ್ಲ. ಆದ್ರೆ ನೀವು ಆಣೆಗೆ ಹೆದರಿ ಮನೆಯಲ್ಲೇ ಕೂತಿರ್ತಿದ್ರಿ. ಎರಡು ವರ್ಷದೊಳಗೆ ಅರ್ಜಿ ಹಾಕಬೇಕು. ಅದು ಕಳೆದಿದ್ರೆ ಆಗ ನಿಜವಾಗಿ ಮುಗೀತಿತ್ತು."

ಅರ್ಜಿ ಹಾಕಿದರು. ಕಾಯುವುದು ಶುರುವಾಯಿತು.

ಮೊದಲ ನೋಟಿಸನ್ನು ಚೆನ್ನಕೇಶವನ್ ತೆಗೆದುಕೊಳ್ಳಲಿಲ್ಲ. ಎರಡನೆಯದಕ್ಕೆ ಅವರ ವಕೀಲರು ಸಮಯ ಕೇಳಿದರು. ಒಮ್ಮೆ ಡಾಕ್ಟರು ಬರಲಿಲ್ಲ. ಒಮ್ಮೆ ಆಫೀಸರಿಗೇ ವರ್ಗವಾಯಿತು, ಹೊಸಬರು ಬರುವ ತನಕ ಕುರ್ಚಿ ಖಾಲಿ. ಪ್ರತಿ ಸಲ ರಾಮಾತಾಳ್ ಅದೇ ಮಾತು ಕೇಳುತ್ತಿದ್ದಳು, "ಇನ್ನೆಷ್ಟು ದಿನ ನನ್ನ ಕಣ್ಣೇ?" ವನಮಾಲಾ ಪ್ರತಿ ಸಲ ಅದೇ ಉತ್ತರ ಕೊಡುತ್ತಿದ್ದಳು. ಒಂದು ಸಲವೂ ಸುಳ್ಳು ಹೇಳಲಿಲ್ಲ.

ಈ ನಡುವೆ ಗೋವಿಂದಸಾಮಿ ಸುಮ್ಮನೆ ಕೂರಲಿಲ್ಲ. ಮಗ್ಗದಲ್ಲಿ ಹಳೆಯ ಹಾಸು, ಅಂದರೆ ಉದ್ದಕ್ಕೆ ಬಿಗಿದ ನೂಲು, ಮುಗಿದಾಗ ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಹೊಸೆದು ಸೇರಿಸಬೇಕು. ಬೆರಳಿಗೆ ಬೂದಿ ಹಚ್ಚಿಕೊಂಡು ಎರಡು ಕೈಯಲ್ಲಿ ಮಾಡುವ ಕೆಲಸ. ಅವನು ಎಳೆಯ ತುದಿಯನ್ನು ಮೊಂಡುಗೈಯಿಂದ ತೊಡೆಗೆ ಒತ್ತಿ ಹಿಡಿದು ಎಡಗೈಯಿಂದ ಹೊಸೆಯುವುದನ್ನು ಕಲಿತ. ಮೊದಲು ದಿನಕ್ಕೆ ಹತ್ತೆಳೆ ಆಗುತ್ತಿರಲಿಲ್ಲ. ಬರಬರುತ್ತಾ ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ನೋಡತೊಡಗಿದರು. ಬಾಯಿ ತೆರೆದವರು ಮುಚ್ಚುತ್ತಿರಲಿಲ್ಲ.

ಚಿನ್ನತಾಯಿಗೆ ಮಾತ್ರ ಭಯ. ಬಾಗಿಲು ಹಾಕಿ ಗಂಡನಿಗೆ ಹೇಳಿದಳು. "ನಿಲ್ಸಿ ಮಾವ. ನೀವು ಕೆಲಸ ಮಾಡೋದು ದೊಡ್ಡಪ್ಪನಿಗೆ ತಿಳಿದ್ರೆ, ಕೈ ಹೋಗಿ ಏನೂ ನಷ್ಟ ಆಗಿಲ್ಲ ಅಂತಾರೆ."

ವನಮಾಲಾ ಇದನ್ನು ಕೇಳಿ ನಕ್ಕಳು. "ಬಾಗಿಲು ತೆಗೀರಿ. ಕೈ ಹೋದವನು ಹಸಿದು ಕೂರಬೇಕು ಅಂತ ಕಾನೂನು ಹೇಳಲ್ಲ. ಆ ಅರವತ್ತು ಅರವತ್ತೇ. ಅವನು ಒಂಟಿ ಕೈಲಿ ಆಕಾಶಕ್ಕೆ ಹಾಸು ಕಟ್ಟಿದ್ರೂ ಅದು ಕಮ್ಮಿ ಆಗಲ್ಲ."

ಎರಡನೇ ವರ್ಷ ಚೆನ್ನಕೇಶವನ್ ಮನೆಗೇ ಬಂದರು. ಗುಡಿಯಲ್ಲಿ ಹೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇನೆ, ಕೇಸು ಬಿಡಿ ಎಂದರು. ಗೋವಿಂದಸಾಮಿ ತಾಯಿಯ ಮುಖ ನೋಡಿದ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದಣಿದವಳು ಅವಳೇ. ಒಪ್ಪುತ್ತಾಳೆ ಎಂದುಕೊಂಡ.

"ಸರಿ ಬಾವ, ಕೊಡಿ" ಎಂದಳು ರಾಮಾತಾಳ್. "ಆದ್ರೆ ಇಲ್ಲಿ ಬೇಡ. ಆ ಆಫೀಸರ ಮುಂದೆ ಕೊಡಿ. ಸಾಕಾ, ಕಮ್ಮಿಯಾ ಅಂತ ಅವರು ಹೇಳಲಿ."

"ನಮ್ಮ ನಮ್ಮಲ್ಲಿ ಆಫೀಸರು ಯಾಕಮ್ಮ?"

"ನಮ್ಮ ನಮ್ಮಲ್ಲಿ ಅಂತಲೇ ಹಿಡಿ ಎಲ್ಲಿದೆ ಅಂತ ಹೇಳಿಕೊಡಲಿಲ್ಲ ಅಲ್ವಾ ಬಾವ?"

ಅವರು ಕಾಪಿ ಮುಟ್ಟದೆ ಎದ್ದು ಹೋದರು.

ಕೊನೆಗೆ ವಿಚಾರಣೆಯ ದಿನ ಬಂತು. ಶೆಡ್ಡಿನಲ್ಲಿ ಜೊತೆಗಿದ್ದ ಮಾರಿಮುತ್ತು, ಗೋವಿಂದಸಾಮಿ ಅಲ್ಲಿ ಸಂಬಳಕ್ಕೆ ಇದ್ದವನೇ ಎಂದು ಸಾಕ್ಷಿ ಹೇಳಿದ. ಆ ಮಾತಿಗಾಗಿ ಅವನ ಕೆಲಸ ಹೋಯಿತು. ಅದನ್ನೂ ಬರೆಯಲೇಬೇಕು. ಆಮೇಲೆ ಮೊದಲಾಳಿಯ ವಕೀಲರು ಗೋವಿಂದಸಾಮಿಯ ಕಡೆ ತಿರುಗಿದರು. ಪ್ರಶ್ನೆ ತಮಿಳಿನಲ್ಲಿ.

"ಓಡುವ ಯಂತ್ರಕ್ಕೆ ಕೈ ಹಾಕಬಾರದು ಎಂದು ಮಗುವಿಗೂ ಗೊತ್ತು. ನೀನು ಯಾಕೆ ಹಾಕಿದೆ?"

"ನಾನು ನಿಲ್ಲಿಸಿದೆ."

"ಹೇಗೆ ನಿಲ್ಲಿಸಿದೆ?"

ಅಲ್ಲಿಯವರೆಗೆ ತಮಿಳಿನಲ್ಲಿ ಉತ್ತರಿಸುತ್ತಿದ್ದವನ ಬಾಯಿಂದ ಮನೆಮಾತು ಬಂತು. "ಕಾಲು ಎತ್ತಿದೆನಲ್ಲ ಸಾಮಿ!"

ವನಮಾಲಾ ಅದನ್ನು ತಮಿಳಿನಲ್ಲಿ ಹೇಳಿದಳು. ವಕೀಲರು ನಕ್ಕರು. ಆಫೀಸರು ನಗಲಿಲ್ಲ. "ತೋರಿಸು" ಎಂದರು.

ಗೋವಿಂದಸಾಮಿ ಕುರ್ಚಿಯ ಅಂಚಿನಲ್ಲಿ ಕುಳಿತ. ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟವನಂತೆ ಎರಡು ಪಾದ ನೆಲಕ್ಕೆ ಊರಿದ. ಎಡಗಾಲು ತುಳಿದ, ಬಲಗಾಲು ತುಳಿದ. ಎಡಗೈ ಹಲಗೆ ಬಡಿಯಿತು. ಮೊಂಡುಗೈ ಅಲ್ಲಿಲ್ಲದ ಹಗ್ಗವನ್ನು ಎಳೆಯಿತು, ಕಾಣದ ಲಾಳಿ ಆಚೆ ಈಚೆ ಓಡಿತು. ಅಲ್ಲಿ ಮಗ್ಗವಿರಲಿಲ್ಲ. ಆದರೂ ಅಲ್ಲಿದ್ದವರಿಗೆಲ್ಲ ಅದರ ಸದ್ದು ಕೇಳಿಸಿತು. ತಟ್ಟನೆ ಅವನು ಎಡಗಾಲು ಎತ್ತಿದ. ಎಲ್ಲವೂ ನಿಂತಿತು.

"ಹೀಗೆ" ಎಂದ. "ಎಳೆ ಕಡಿದ್ರೆ ಕಾಲು ಎತ್ತಬೇಕು. ಕಾಲು ಎತ್ತಿದ್ರೆ ಮಗ್ಗ ನಿಲ್ಲುತ್ತೆ. ನಮ್ಮಪ್ಪನ ಕಾಲದಿಂದಲೂ ನಿಂತಿದೆ. ಆ ದಿನವೂ ಎತ್ತಿದೆ. ಅದು ನಿಲ್ಲಲಿಲ್ಲ."

ನಕ್ಕಿದ್ದ ವಕೀಲರು ತಲೆ ಬಗ್ಗಿಸಿದರು. ಬಾಗಿಲ ಬಳಿ ನಿಂತಿದ್ದ ಚೆನ್ನಕೇಶವನ್ ತಮ್ಮ ಕಾಲನ್ನೇ ನೋಡಿಕೊಂಡರು. ಅವರೂ ಕುಣಿಮಗ್ಗದಲ್ಲೇ ಬೆಳೆದವರು.

ಎಂಬತ್ತೆಂಟರ ಸಂಕ್ರಾಂತಿಯ ತೈ ತಿಂಗಳಲ್ಲಿ ತೀರ್ಪು ಬಂತು. ಕಲಿಸದೆ ಇದ್ದದ್ದು ಆಳಿನ ತಪ್ಪಲ್ಲ, ಅವನು ಬೇಕೆಂದು ಯಾವ ಆಜ್ಞೆಯನ್ನೂ ಮೀರಿಲ್ಲ, ಪೂರ್ತಿ ಪರಿಹಾರ ಕೊಡಬೇಕು, ತಡಮಾಡಿದ್ದಕ್ಕೆ ಬಡ್ಡಿಯನ್ನೂ ಕೊಡಬೇಕು. ಚೆನ್ನಕೇಶವನ್ ಮದ್ರಾಸಿಗೆ ಹೋಗುತ್ತೇನೆ ಎಂದರು. ಮೊದಲಾಳಿ ಅಪೀಲು ಮಾಡಬೇಕಾದರೆ ಮೊದಲು ದುಡ್ಡು ಕಟ್ಟಬೇಕು ಎಂದು ಅವರ ವಕೀಲರೇ ತಿಳಿಸಿದರು. ಕಟ್ಟಿದರು, ಹೋಗಲಿಲ್ಲ. ಅವರ ಶೆಡ್ಡಿನಲ್ಲಿ ಈಗ ನಿಲ್ಲಿಸುವ ಹಿಡಿಗೆ ಕೆಂಪು ಬಣ್ಣ ಬಳಿದಿದೆ. ಹೊಸ ಆಳಿಗೆ ಮೊದಲ ದಿನ ಅವರೇ ಅದನ್ನು ಎಳೆದು ತೋರಿಸುತ್ತಾರಂತೆ.

ಹಣ ಬಂದ ದಿನ ಪಕ್ಕದ ಮನೆಯ ಕಮಲಾತಾಳ್ ಅಂದಳು, "ಅಬ್ಬಾ, ಎಷ್ಟು ಕಾಲ ಕಾದಿರಿ ಅಕ್ಕ!"

ರಾಮಾತಾಳ್ ಒಳಗೆ ಹೊಸೆಯುತ್ತಿದ್ದ ಮಗನ ಕಡೆ ಕೈ ತೋರಿಸಿದಳು. "ಹಾಸು ಸೇರಿಸೋವಾಗ ಏನು ಕಾಣುತ್ತೆ? ಒಂದು ಗೇಣು ಬಟ್ಟೆ ಕಾಣಲ್ಲ. ಎದ್ದು ಹೋದ್ರೆ ಸೀರೆ ಆಗುತ್ತಾ?"

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮಗೂ ಅದೇ ಮಾತು. ಕೈಯೋ ಕಾಲೋ ಬೆರಳೋ ಹೋದರೆ ಆಸ್ಪತ್ರೆಯಲ್ಲಿ ಯಂತ್ರದಿಂದ ಆಯಿತು ಎಂದು ನಿಜ ಹೇಳಿ, ಮನೆಯಲ್ಲಿ ಬಿದ್ದೆ ಎನ್ನಬೇಡಿ. ಇಎಸ್‌ಐ ಎಂಬ ಕಾರ್ಮಿಕರ ವಿಮೆ ಇರುವ ಕಡೆ ಆ ಆಫೀಸಿಗೆ ಹೋಗಿ, ಇಲ್ಲದ ಕಡೆ ಪರಿಹಾರದ ಆಫೀಸರಿಗೆ ಅರ್ಜಿ ಹಾಕಿ. ರಾಜಿ ಮಾಡಿಕೊಳ್ಳುವುದು ಪಾಪವಲ್ಲ, ಆದರೆ ಅವರ ಮುಂದೆ ಮಾಡಿಕೊಳ್ಳಿ. ವಕೀಲರಿಗೆ ಕೊಡಲು ಇಲ್ಲದವರಿಗೆ ಉಚಿತ ಕಾನೂನು ನೆರವು ಇದೆ, ಕೇಳಿ. ತೀರ್ಪಿಗೆ ವರ್ಷಗಳು ಹಿಡಿಯುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಅರ್ಜಿಗೆ ಇರುವುದು ಎರಡೇ ವರ್ಷ, ಅದೂ ಪೆಟ್ಟಾದ ದಿನದಿಂದಲೇ ಓಡುತ್ತದೆ. ಓದಲು ಬರುವವರು ಇದನ್ನು ಬಾರದವರಿಗೆ ಓದಿ ಹೇಳಿ.

ನಾಳೆ ಬೆಳಿಗ್ಗೆ ಶೆಡ್ಡಿಗೆ ಹೋದವರು ಎಲ್ಲಕ್ಕಿಂತ ಮೊದಲು ನಿಲ್ಲಿಸುವ ಹಿಡಿ ಎಲ್ಲಿದೆ ಎಂದು ಕೇಳಿ. ಆ ಯಂತ್ರಕ್ಕೆ ನಿಮ್ಮ ಕಾಲಿನ ಪರಿಚಯವಿಲ್ಲ.