ರಕ್ಷಾಳಿಗೆ ಹೇಳಬೇಕಾದ ಮಾತು

ಹೆಂಡತಿ ಪವಿತ್ರ ತೀರಿಕೊಂಡು ಹನ್ನೆರಡು ದಿನವಾದ ಮೇಲೆ ಮೈಲಾರಿ ಹೊನ್ನಾಳಿಯ ಕಿವುಡ ಮಕ್ಕಳ ವಸತಿ ಶಾಲೆಗೆ ಬಂದ. ಅಲ್ಲಿ ಐದನೇ ತರಗತಿಯಲ್ಲಿದ್ದ ಮಗಳು ರಕ್ಷಾಳಿಗೆ ವಿಷಯ ಇನ್ನೂ ಗೊತ್ತಿರಲಿಲ್ಲ.

ಸೂಳೆಕೆರೆಯಲ್ಲಿ ಬಲೆ ಹಾಕಿ ಮೀನು ಹಿಡಿಯುವುದು ಅವನ ಕೆಲಸ. ಮಗಳಿಗೆ ಹುಟ್ಟಿನಿಂದಲೇ ಕಿವಿ ಕೇಳಿಸದು ಎಂದು ತಿಳಿದ ದಿನದಿಂದ ಅವಳ ಜೊತೆಗಿನ ಮಾತನ್ನೆಲ್ಲ ಹೆಂಡತಿಗೇ ಬಿಟ್ಟಿದ್ದ. ಶಾಲೆಯಲ್ಲಿ ತಿಂಗಳಿಗೆರಡು ಶನಿವಾರ ತಂದೆತಾಯಿಗೂ ಸನ್ನೆ ಭಾಷೆ ಹೇಳಿಕೊಡುತ್ತಿದ್ದರು. ಪವಿತ್ರ ಕೂಲಿ ಬಿಟ್ಟು, ಎರಡು ಬಸ್ಸು ಬದಲಿಸಿ ಹೋಗಿ ಕಲಿತಳು. ರಜೆಯಲ್ಲಿ ತಾಯಿ ಮಗಳು ಒಲೆ ಮುಂದೆ ಕೂತು ಕೈಯಲ್ಲೇ ಗಂಟೆಗಟ್ಟಲೆ ಹರಟುವರು. "ನೀನೂ ಒಂದೀಟು ಕಲಿ" ಎಂದು ಅವಳು ಹೇಳಿದಾಗಲೆಲ್ಲ, "ನೀನಿದ್ದೀಯಲ್ಲ, ಸಾಕು" ಅನ್ನುತ್ತಿದ್ದ.

ಜ್ವರ ಬಂದ ಐದನೇ ದಿನ ಅವಳು ಹೋಗಿಬಿಟ್ಟಳು. ಮಗುವನ್ನು ಕರೆಸಿ ಎಂದು ಯಾರೋ ಅಂದರು. ಮೈಲಾರಿಯ ತಾಯಿ ಗಿಡ್ಡಮ್ಮ, "ಬಂದು ಏನು ಮಾಡ್ತೈತೆ? ಅದಕ್ಕೆ ತಿಳಿಸಿ ಹೇಳಾಕೆ ಯಾರಿಗೆ ಬರ್ತೈತೆ? ಹೆದರ್ಕಂತೈತೆ ಅಷ್ಟೆ" ಎಂದಳು. ಮೈಲಾರಿಗೂ ಅದೇ ಸುಲಭವೆನಿಸಿತು. ಶಾಲೆಗೆ ಫೋನ್ ಕೂಡ ಮಾಡಲಿಲ್ಲ.

ಈಗ ಟೀಚರ್ ಸಂಧ್ಯಾರಾಣಿಯ ಎದುರು ನಿಂತು, "ನೀವೇ ಹೇಳಿಬಿಡ್ರಿ ಮೇಡಂ. ನನಗೆ ಅವಳ ಭಾಷೆ ಬರಾಕಿಲ್ಲ" ಎಂದ.

ಅವರು ಇನ್ನೊಂದು ಕುರ್ಚಿ ಎಳೆದು ಹಾಕಿದರು. "ಹೇಳ್ತೀನಿ. ಆದ್ರೆ ನೀವು ಪಕ್ಕದಲ್ಲೇ ಕೂತ್ಕೊಳ್ರಿ. ಅವಳು ಕೇಳಿದ್ದಕ್ಕೆ ಉತ್ತರ ನೀವೇ ಕೊಡ್ಬೇಕು."

ರಕ್ಷಾ ಓಡಿ ಬಂದಳು. ಅಪ್ಪನನ್ನು ಕಂಡವಳೇ ಬಾಗಿಲ ಕಡೆ ನೋಡಿದಳು, ಅವ್ವ ಹಿಂದೆಯೇ ಬರುತ್ತಿರಬೇಕು ಎಂಬಂತೆ. ಸಂಧ್ಯಾರಾಣಿ ಅವಳನ್ನು ಕೂರಿಸಿಕೊಂಡು ನಿಧಾನವಾಗಿ ಕೈಯಲ್ಲಿ ಹೇಳಿದರು. ಹುಡುಗಿ ಇನ್ನೊಂದು ಸಲ ಹೇಳಿಸಿದಳು. ಮೂರನೇ ಸಲ ಅವರ ಎರಡೂ ಕೈಗಳನ್ನು ಹಿಡಿದು ನಿಲ್ಲಿಸಿಬಿಟ್ಟಳು.

ಅತ್ತು, ಅಳುತ್ತಲೇ ಕೈಯಲ್ಲಿ ಕೇಳತೊಡಗಿದಳು. ಸಂಧ್ಯಾರಾಣಿ ಅದನ್ನು ಮೈಲಾರಿಗೆ ಬಾಯಲ್ಲಿ ಹೇಳುತ್ತಾ ಹೋದರು.

"ಯಾವತ್ತು ಅಂತಾಳೆ."

"ಹೋದ ವಾರ, ಸೋಮವಾರ."

ರಕ್ಷಾ ಬೆರಳು ಮಡಚಿ ಎಣಿಸಿದಳು.

"ಆವತ್ತು ಡ್ಯಾನ್ಸ್ ಕಲೀತಿದ್ವಿ, ನಾನು ನಗ್ತಾ ಇದ್ದೆ ಅಂತಾಳೆ." ಸಂಧ್ಯಾರಾಣಿ ಮುಂದುವರಿಸಿದರು. "ಮಣ್ಣು ಮಾಡೋವಾಗ ಯಾರ್ಯಾರಿದ್ರು ಅಂತ ಕೇಳ್ತಾಳೆ."

"ಊರೋರೆಲ್ಲ ಇದ್ರು."

ಅಪ್ಪನ ಮುಖವನ್ನೇ ನೋಡುತ್ತ ಅವಳು ಮತ್ತೇನೋ ಕೇಳಿದಳು. ಸಂಧ್ಯಾರಾಣಿ ಅದನ್ನೂ ಹೇಳಿದರು. "ನನ್ನನ್ನ ಯಾಕೆ ಕರೀಲಿಲ್ಲ ಅಂತಾಳೆ."

"ಅವಳಿಗೆ ತಿಳಿಯಾಕಿಲ್ಲ ಅನ್ಕಂಡ್ವಿ ಮೇಡಂ."

"ಇದನ್ನ ಹಿಂಗೇ ಹೇಳ್ಲಾ?"

ಮೈಲಾರಿ ತಲೆ ತಗ್ಗಿಸಿದ. ಬೇಡ ಎನ್ನುವ ಧೈರ್ಯವೂ ಅವನಿಗಾಗಲಿಲ್ಲ. ಅವರು ಹೇಳಿದರು. ರಕ್ಷಾ ಅಪ್ಪನ ಪಕ್ಕದಿಂದೆದ್ದು ಟೀಚರ್ ಹಿಂದೆ ಹೋಗಿ ನಿಂತಳು.

ಸಂಜೆಗೆ ಅಪ್ಪ ಮಗಳು ಊರು ಮುಟ್ಟಿದರು. ಮನೆಗೆ ಹೋಗುವ ಮೊದಲೇ ಅವಳನ್ನು ಕೆರೆಯಾಚೆಯ ಮಸಣಕ್ಕೆ ಕರೆದೊಯ್ದು ಹಸಿ ಮಣ್ಣಿನ ಗುಡ್ಡೆ ತೋರಿಸಿದ. ಅವಳು ಅದರೆದುರು ಮಂಡಿಯೂರಿ ಕೈ ಎತ್ತಿದಳು. ಮಾತಾಡತೊಡಗಿದಳು. ಬೆರಳುಗಳು ಬಿರುಸಾಗಿ ಓಡುವವು, ತಡೆಯುವವು, ಉತ್ತರಕ್ಕೆ ಕಾದಂತೆ ನಿಂತು ಮತ್ತೆ ಶುರುವಾಗುವವು. ಒಂದು ಸನ್ನೆ ಮಾತ್ರ ಮತ್ತೆ ಮತ್ತೆ ಬರುತ್ತಿತ್ತು. ಅದು ತನ್ನ ಹೆಸರೋ, ಬೈಗುಳವೋ, ಹಿಂದೆ ನಿಂತಿದ್ದ ಮೈಲಾರಿಗೆ ತಿಳಿಯಲಿಲ್ಲ.

ಅವಳ ಭುಜ ಮುಟ್ಟಿ, "ಅವ್ವಗೆ ಏನಂದಿ ಮಗಾ?" ಎಂದ.

ಅವನ ತುಟಿಗಳ ಅಲುಗಾಟ ನಿಲ್ಲುವ ತನಕ ನೋಡಿದಳು. ಆಮೇಲೆ ತಿರುಗಿ ಮಣ್ಣಿನ ಕಡೆ ಮುಖ ಮಾಡಿದಳು.

ಶಾಲೆಯವರು ಒಂದು ವಾರ ರಜೆ ಕೊಟ್ಟಿದ್ದರು. ಮೂರನೇ ದಿನ ಬೆಳಗ್ಗೆಯೇ ರಕ್ಷಾ ಚೀಲ ತುಂಬಿಕೊಂಡು ಬಸ್ ನಿಲ್ಲುವ ಜಾಗಕ್ಕೆ ನಡೆದಳು. ಗಿಡ್ಡಮ್ಮ ತಡೆಯಲು ಹೋದಳು. "ಬಿಡವ್ವ" ಎಂದ ಮೈಲಾರಿ, ಅಂಗಿ ಹಾಕಿಕೊಂಡು ಮಗಳ ಹಿಂದೆ ಹೊರಟ. ಆ ಮನೆಯಲ್ಲಿ ಅವಳ ಜೊತೆ ಮಾತಾಡುವವರು ಯಾರೂ ಉಳಿದಿರಲಿಲ್ಲ.