ಮಂಡಿನೋವಿಗೆ ಜುಮ್ಮೆನ್ನುವ ನೀರು

ನಮ್ಮ ಅತ್ತೆಯ ಮಂಡಿನೋವು ಮನೆಮಂದಿಗೆಲ್ಲ ತಲೆನೋವಾಗಿತ್ತು. ಮಾತ್ರೆ, ಎಣ್ಣೆ ಯಾವುದಕ್ಕೂ ಜಗ್ಗಲಿಲ್ಲ. ಬಿಸಿನೀರಲ್ಲಿ ಕೂತರೆ ಹಗುರಾಗುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಬಡಗಿಯಾದ ನನ್ನ ಗಂಡ ಯಾರೋ ಬಳಸಿ ಬಿಟ್ಟ, ಒಳಗೇ ನೀರು ಕಾಯಿಸುವ ಹೀಟರ್ ಇರುವ ಹಾಟ್ ಟಬ್ ಒಂದನ್ನು ತಂದು ಹಿತ್ತಲಲ್ಲಿ ಕೂರಿಸಿದರು. ಸುತ್ತ ಮರದ ಕಟ್ಟೆ, ಹತ್ತಿಳಿಯಲು ನೆಲಕ್ಕೆ ಹುಗಿದ ಕಬ್ಬಿಣದ ಹಿಡಿಕೆ. ಮರಗೆಲಸಕ್ಕೆ ಹೆಸರಿಡುವ ಹಾಗಿರಲಿಲ್ಲ. ವೈರಿಂಗನ್ನೂ ಅವರೇ ಮಾಡಿದರು, ಎಡವಟ್ಟಾಗಿದ್ದು ಅಲ್ಲೇ.

ಹೀಟರ್ ಹಾಕಿದೊಡನೆ ಟ್ರಿಪ್ ಸ್ವಿಚ್ ಟಪ್ಪೆಂದು ಬೀಳುತ್ತಿತ್ತು. ಎತ್ತಿದರೆ ಮತ್ತೆ ಬೀಳುತ್ತಿತ್ತು. ಈ ಸ್ವಿಚ್ಚೇ ಕೆಟ್ಟಿದೆ ಎಂದು ಗೊಣಗಿದ ನನ್ನ ಗಂಡ, ಅದನ್ನು ತಪ್ಪಿಸಿ ನೇರವಾಗಿ ವೈರ್ ಎಳೆದರು. ಆಮೇಲೆ ತಂಟೆಯಿಲ್ಲದೆ ನೀರು ಕಾಯಿತು.

ಅತ್ತೆಗೆ ಹಿಗ್ಗೋ ಹಿಗ್ಗು. ನೀರಲ್ಲಿ ಕೂತು ಹಿಡಿಕೆ ಹಿಡಿದರೆ ಮೈಯೆಲ್ಲ ಜುಮ್ಮೆನ್ನುತ್ತದಂತೆ, ನರಗಳೆಲ್ಲ ಸಡಿಲಾಗುತ್ತವಂತೆ. ಇದನ್ನು ಕೇರಿಗೆಲ್ಲ ಸಾರಿ, ಪಕ್ಕದ ಮನೆಯ ಅಕ್ಕನನ್ನೂ ಕರೆತಂದರು. ಅಕ್ಕ ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್. ಜುಮ್ಮೆನ್ನುವ ವಿಷಯ ಕೇಳಿದ್ದೇ ಅವರ ಮುಖ ಬಿಳಿಚಿಕೊಂಡಿತು. ಅತ್ತೆ ಆಗಲೇ ಕಟ್ಟೆ ಹತ್ತಿದ್ದರು.

"ಅಮ್ಮಾ, ಅಲ್ಲೇ ನಿಲ್ಲಿ. ಏನನ್ನೂ ಮುಟ್ಟಬೇಡಿ" ಎಂದವರೇ ಅಕ್ಕ ಓಡಿಹೋಗಿ ಮೇನ್ ಸ್ವಿಚ್ ಆರಿಸಿದರು. ಬೋರ್ಡ್ ನೋಡಿ ಅಲ್ಲೇ ತಲೆ ಮೇಲೆ ಕೈ ಹೊತ್ತರು.

ನನ್ನ ಗಂಡನಿಗೆ ರೇಗಿತು. ಇಷ್ಟು ದಿನ ಏನೂ ಆಗಿಲ್ಲ, ಮುದುಕಿಯನ್ನು ಯಾಕೆ ಹೆದರಿಸುತ್ತೀರಿ ಎಂದರು.

"ಅದು ಔಷಧಿ ಅಲ್ಲಪ್ಪ, ಕರೆಂಟು. ಹೀಟರ್‌ನಿಂದ ನೀರಿಗೆ ಸೋರ್ತಿದೆ, ಹಿಡಿಕೆ ಹಿಡಿದ್ರೆ ಮೈ ಹಾಯ್ದು ನೆಲಕ್ಕೆ ಇಳಿಯುತ್ತೆ. ಆ ಸ್ವಿಚ್ ಕೆಟ್ಟು ಬೀಳ್ತಿರ್ಲಿಲ್ಲ, ನಿಮ್ಮಮ್ಮನ ಜೀವ ಉಳಿಸೋಕೆ ಬೀಳ್ತಿತ್ತು. ನೀವು ಅದನ್ನೇ ತಪ್ಪಿಸಿಬಿಟ್ರಿ."

ನೀರು ಹದವಾಗಿದೆಯೇ ಎಂದು ದಿನವೂ ಕೈ ಅದ್ದುತ್ತಿದ್ದವಳು ನಾನು. ನನ್ನ ಗಂಡ ಬೋರ್ಡಿನ ಹತ್ತಿರ ಹೋಗಿ, ತಾವೇ ಎಳೆದ ವೈರನ್ನು ನೋಡಿದರು.

"ಅಮ್ಮನ್ನ ಕೂರಿಸಿ, ನಾನೇ ಸ್ವಿಚ್ ಹಾಕ್ತಿದ್ದೆ" ಎಂದರು.

ಮರುದಿನ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬಂದು ನೋಡಿದರೆ, ಟಬ್ಬಿನ ಅರ್ಥ್ ವೈರ್ ಎಲ್ಲಿಗೂ ಸೇರದೆ ನೇತಾಡುತ್ತಿತ್ತು. ಸೋರಿದ ಕರೆಂಟು ಮನುಷ್ಯರ ಮೈ ಹಾಯದೆ ನೆಲ ಸೇರಲು ಇರುವ ದಾರಿಯೇ ಅರ್ಥಿಂಗ್, ಹಾಗೆ ಸೋರಿದೊಡನೆ ಕರೆಂಟನ್ನೇ ಕಡಿಯುವುದು ಟ್ರಿಪ್ ಸ್ವಿಚ್, ಎರಡೂ ಬೇಕು ಎಂದು ಅಕ್ಕ ಬಿಡಿಸಿ ಹೇಳಿದರು. ಹೀಟರ್ ಬದಲಾಯಿತು. ಟಬ್ಬಿನ ಲೋಹದ ಭಾಗ, ಹಿಡಿಕೆ ಎಲ್ಲವೂ ಅರ್ಥಿಂಗಿಗೆ ಸೇರಿದವು. ಟ್ರಿಪ್ ಸ್ವಿಚ್ ಮತ್ತೆ ಬಂತು. ಟಬ್ಬಿನ ಸ್ವಿಚ್ಚು ನೀರಲ್ಲಿ ಕೂತವರ ಕೈಗೆ ಎಟುಕದಷ್ಟು ದೂರ ಹೋಯಿತು. ಎಲ್ಲವನ್ನೂ ಅಳೆದು ನೋಡಿ ಅಕ್ಕ ಸರಿ ಎನ್ನುವವರೆಗೆ ನನ್ನ ಗಂಡ ಯಾರನ್ನೂ ಹಿತ್ತಲಿಗೆ ಬಿಡಲಿಲ್ಲ.

ಅಕ್ಕ ಅಣ್ಣಂದಿರೇ, ಹಾಟ್ ಟಬ್ ಇರಲಿ, ಗೀಸರ್ ಇರಲಿ, ನೀರಿಗೂ ಕರೆಂಟಿಗೂ ನಂಟಿರುವ ಕಡೆ ನಿಮ್ಮ ಕೈಚಳಕ ತೋರಿಸಬೇಡಿ. ತಿಳಿದವರಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಸೋರಿದ ಕರೆಂಟು ಕಡಿಯುವ ಈ ಟ್ರಿಪ್ ಸ್ವಿಚ್ಚಿನ (ಆರ್‌ಸಿಸಿಬಿ) ಮೇಲೆ ಪುಟ್ಟದೊಂದು ಟೆಸ್ಟ್ ಗುಂಡಿ ಇರುತ್ತದೆ, ಇವತ್ತೇ ಎದ್ದು ಹೋಗಿ ಒತ್ತಿ. ಸ್ವಿಚ್ ಬೀಳದಿದ್ದರೆ, ಅದು ಸರಿಯಾಗುವವರೆಗೆ ನಿಮ್ಮ ಮನೆಯ ಯಾರನ್ನೂ ಆ ನೀರಿಗೆ ಇಳಿಸಬೇಡಿ.